ಸೆಕೆಂಡ್ ಹ್ಯಾಂಡ್ ಚೈನ್ ಸಾ ‘ಒಂದೇ ಎಳೆತಕ್ಕೆ ಸ್ಟಾರ್ಟ್’ ಆದರೆ ಕೊಳ್ಳಬಹುದೇ?

‘ಜರ್ಮನ್ ಮೆಷಿನ್. ಒಂದೇ ಎಳೆತಕ್ಕೆ ಸ್ಟಾರ್ಟ್. ಅರ್ಧ ರೇಟು. ಬೇಕಾದವರು ಬೇಗ ಫೋನ್ ಮಾಡಿ.’

ಅಡಿಕೆ, ಕಾಫಿ ಬೆಳೆಗಾರರ ವಾಟ್ಸಾಪ್ ಗ್ರೂಪಿನಲ್ಲಿದ್ದರೆ ಮರ ಕೊಯ್ಯುವ ಮೆಷಿನ್ ಬಗ್ಗೆ ಇಂಥ ಸಂದೇಶ ನಿಮಗೂ ಬಂದಿರಬಹುದು. ಜೊತೆಗೆ ಮೆಷಿನ್ ಗರ್ ಎನ್ನುವ ಹತ್ತು ಸೆಕೆಂಡಿನ ವಿಡಿಯೋ ಇರುತ್ತದೆ. ಒಳ್ಳೆಯ ಕಂಪನಿಯ ಹಳೆಯ ಚೈನ್ ಸಾ ಕೊಳ್ಳುವುದು ತಪ್ಪೇನಲ್ಲ. ಆದರೆ ಕೊಳ್ಳಬೇಕೋ ಬೇಡವೋ ಎಂದು ತೀರ್ಮಾನಿಸಲು ಕಂಪನಿ ಹೆಸರು, ಸ್ಟಾರ್ಟ್ ಆಗುವ ವಿಡಿಯೋ ಎರಡೂ ಸಾಲವು. ಯಾಕೆ ಎಂದು ನೋಡೋಣ.

ಒಳ್ಳೆಯ ಕಂಪನಿ ಎಂದರೆ ಹಳೆಯದೂ ಗಟ್ಟಿ ಇರುತ್ತದೆ ಅಲ್ಲವೇ?

ಅರ್ಧ ಸತ್ಯ. ಜರ್ಮನಿಯ ಸ್ಟಿಲ್ ಶುರುವಾದದ್ದು 1926ರಲ್ಲಿ. ಸ್ವೀಡನ್ನಿನ ಹಸ್ಕ್‌ವರ್ನಾ 1689ರಲ್ಲಿ ಬಂದೂಕು ಕಾರ್ಖಾನೆಯಾಗಿ ಆರಂಭವಾಗಿ, 1959ರಲ್ಲಿ ಚೈನ್ ಸಾ ತಯಾರಿಕೆಗೆ ಇಳಿಯಿತು. ಇವುಗಳ ಮೆಷಿನ್‌ಗಳಿಗೆ ಬಿಡಿಭಾಗ ಸಿಗುತ್ತದೆ, ರಿಪೇರಿ ಬಲ್ಲವರೂ ಸಿಗುತ್ತಾರೆ. ಹಳೆಯದಕ್ಕೂ ಬೆಲೆ ಇರುವುದು ಇದರಿಂದಲೇ.

ಆದರೆ ಚೈನ್ ಸಾದಲ್ಲಿರುವುದು ಟೂ ಸ್ಟ್ರೋಕ್ ಇಂಜಿನ್. ಬೈಕಿಗೆ ಇರುವಂತೆ ಇದಕ್ಕೆ ಇಂಜಿನ್ ಆಯಿಲಿನ ಬೇರೆ ಜಾಗ ಇಲ್ಲ. ಪೆಟ್ರೋಲಿಗೆ ಬೆರೆಸಿದ ಆಯಿಲೇ ಪಿಸ್ಟನ್ನನ್ನು ಕಾಯಬೇಕು. ಕಂಪನಿಯ ಟೂ ಸ್ಟ್ರೋಕ್ ಆಯಿಲ್ ಆದರೆ ಸಾಮಾನ್ಯವಾಗಿ 50ಕ್ಕೆ 1, ಅಂದರೆ ಒಂದು ಲೀಟರ್ ಪೆಟ್ರೋಲಿಗೆ 20 ಮಿಲಿ. ಅವಸರದಲ್ಲಿ ಯಾರಾದರೂ ಬರೀ ಪೆಟ್ರೋಲ್ ಹಾಕಿ ಕೆಲಸ ಮಾಡಿದರೆ ಸ್ವಲ್ಪ ಹೊತ್ತಿನಲ್ಲೇ ಪಿಸ್ಟನ್, ಸಿಲಿಂಡರ್ ಉಜ್ಜಿ ಗೀರು ಬೀಳುತ್ತವೆ. ಎಂಥ ಕಂಪನಿಯ ಮೆಷಿನ್ ಆದರೂ ಇದರಿಂದ ತಪ್ಪಿಸಿಕೊಳ್ಳುವುದಿಲ್ಲ.

ಇನ್ನೊಂದು ವಿಷಯ: ಹೆಸರಾಂತ ಕಂಪನಿಗಳ ನಕಲಿ ಚೈನ್ ಸಾಗಳೂ ಮಾರುಕಟ್ಟೆಯಲ್ಲಿವೆ. ಬಣ್ಣ, ಅಕ್ಷರ ಎಲ್ಲ ಒಂದೇ ಥರ ಇರುತ್ತದೆ. ಅಸಲಿ ಬಾಡಿಯೊಳಗೆ ಅಗ್ಗದ ಸಿಲಿಂಡರ್ ಸೆಟ್ ಕೂರಿಸಿರುವುದೂ ಉಂಟು. ಬಾಡಿ ಮೇಲಿನ ಸೀರಿಯಲ್ ನಂಬರಿನ ಫೋಟೋ ಕೇಳಿ, ಅಧಿಕೃತ ಡೀಲರ್‌ಗೆ ತೋರಿಸಿ. ನಂಬರ್ ಉಜ್ಜಿ ಅಳಿಸಿದ್ದರೆ ಆ ಮೆಷಿನ್ ಬೇಡ. ಅದು ಕದ್ದ ಮಾಲೂ ಆಗಿರಬಹುದು.

ಒಂದೇ ಎಳೆತಕ್ಕೆ ಸ್ಟಾರ್ಟ್ ಆಯಿತಲ್ಲ, ಇನ್ನೇನು?

ವಿಡಿಯೋ ಮಾಡುವ ಮೊದಲೇ ಇಂಜಿನ್ ಬಿಸಿ ಮಾಡಿದ್ದರೆ ನಮಗೆ ಗೊತ್ತಾಗುವುದಿಲ್ಲ. ಹಾಗಾಗಿ ನೋಡಲು ಹೋದಾಗ ಮೊದಲು ಸೈಲೆನ್ಸರ್ ಹತ್ತಿರ ಕೈ ಹಿಡಿದು ನೋಡಿ. ಆಗಲೇ ಬಿಸಿ ಇದ್ದರೆ ತಣ್ಣಗಾಗುವವರೆಗೆ ಕಾಯಿರಿ. ತಣ್ಣಗಿದ್ದಾಗ ಎರಡು ಮೂರು ಸಲ ಎಳೆದರೂ ಪರವಾಗಿಲ್ಲ, ಅದು ಸಹಜ. ಸ್ಟಾರ್ಟ್ ಆದಮೇಲೆ ಒಂದು ಮರದ ತುಂಡು ಕೊಯ್ಯಿಸಿ, ಇಂಜಿನ್ ಚೆನ್ನಾಗಿ ಬಿಸಿಯಾದಾಗ ಆಫ್ ಮಾಡಿ ಮತ್ತೆ ಸ್ಟಾರ್ಟ್ ಮಾಡಲು ಹೇಳಿ. ಸವೆದ ಇಂಜಿನ್ ತಣ್ಣಗಿದ್ದಾಗ ಸ್ಟಾರ್ಟ್ ಆಗಿ, ಬಿಸಿಯಾದಮೇಲೆ ಸತಾಯಿಸುವುದುಂಟು.

ಎಕ್ಸಲೇಟರ್ ಬಿಟ್ಟ ಮೇಲೂ ಇಂಜಿನ್ ವೇಗ ಇಳಿಯದೆ ಕೂಗುತ್ತಿದ್ದರೆ ಎಲ್ಲೋ ಗಾಳಿ ಒಳಗೆ ಹೋಗುತ್ತಿರಬಹುದು. ಗಾಳಿ ಹೆಚ್ಚಾದರೆ ಪೆಟ್ರೋಲಿನ ಜೊತೆ ಹೋಗುವ ಆಯಿಲೂ ಕಡಿಮೆಯಾಗಿ ಇಂಜಿನ್ ಜಾಮ್ ಆಗುತ್ತದೆ.

ಇಂಜಿನ್ ಒಳಗೆ ನೋಡುವುದು ಹೇಗೆ?

ಎರಡು ಪರೀಕ್ಷೆ ಸಾಕು. ಎರಡನ್ನೂ ಇಂಜಿನ್ ಆಫ್ ಮಾಡಿ, ಚೈನಿಗೆ ಕವರ್ ಹಾಕಿಯೇ ಮಾಡಬೇಕು.

ಮೊದಲನೆಯದು ಹಗ್ಗದ ಪರೀಕ್ಷೆ. ಸ್ಟಾರ್ಟರ್ ಹಿಡಿಕೆ ಹಿಡಿದು ಮೆಷಿನ್ನನ್ನು ನೆಲದಿಂದ ಸ್ವಲ್ಪವೇ ಮೇಲೆ ತೂಗುಬಿಡಿ. ತಡೆದು ತಡೆದು ನಿಧಾನ ಇಳಿದರೆ ಕಂಪ್ರೆಷನ್ ಇದೆ ಎಂದರ್ಥ. ಸರ್ ಎಂದು ಇಳಿದರೆ ಅನುಮಾನಿಸಿ. ಕೆಲವು ದೊಡ್ಡ ಮಾಡೆಲ್‌ಗಳಲ್ಲಿ ಸುಲಭವಾಗಿ ಸ್ಟಾರ್ಟ್ ಮಾಡಲು ಕಂಪ್ರೆಷನ್ ಇಳಿಸುವ ಬಟನ್ ಇರುತ್ತದೆ. ಅದು ಒತ್ತಿರಬಾರದು. ಮೆಕ್ಯಾನಿಕ್ ಬಳಿ ಗೇಜ್ ಇದ್ದರೆ ಇನ್ನೂ ಒಳ್ಳೆಯದು. ಸುಮಾರು 150 ಪಿಎಸ್‌ಐ ತೋರಿಸಿದರೆ ಇಂಜಿನ್ ಆರೋಗ್ಯವಾಗಿದೆ. 120ಕ್ಕಿಂತ ಕೆಳಗಿದ್ದರೆ ರಿಪೇರಿ ಹತ್ತಿರದಲ್ಲಿದೆ ಎಂದುಕೊಳ್ಳಿ.

ಎರಡನೆಯದು ಟಾರ್ಚ್ ಪರೀಕ್ಷೆ. ಇಂಜಿನ್ ತಣ್ಣಗಾದ ಮೇಲೆ ಪ್ಲಗ್ಗಿನ ಕ್ಯಾಪ್ ತೆಗೆದು, ಸೈಲೆನ್ಸರ್ ಸ್ಕ್ರೂ ಬಿಚ್ಚಿಸಿ. ಹೊಗೆ ಹೊರಬರುವ ತೂತಿನಲ್ಲಿ ಮೊಬೈಲ್ ಟಾರ್ಚ್ ಹಿಡಿದರೆ ಪಿಸ್ಟನ್ ಕಾಣುತ್ತದೆ. ಮೈ ನುಣುಪಾಗಿದ್ದರೆ ಸರಿ. ಮೇಲಿಂದ ಕೆಳಗೆ ಗೀರುಗಳಿದ್ದರೆ ಆಯಿಲ್ ಇಲ್ಲದೆ ಓಡಿದ ಗುರುತು. ಮಾರುವವರು ‘ಬಿಚ್ಚುವುದು ಬೇಡ’ ಎಂದು ಹಟ ಹಿಡಿದರೆ ಆ ಉತ್ತರವೇ ಸಾಕು.

ಬಹಳ ದಿನ ಸುಮ್ಮನೆ ಇಟ್ಟ ಮೆಷಿನ್ ಆದರೆ ಕಾರ್ಬೊರೇಟರ್ ಬಗ್ಗೆಯೂ ಕೇಳಿ. ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಇರುತ್ತದೆ, ಅದು ನೀರಿನ ಅಂಶ ಹೀರಿಕೊಳ್ಳುತ್ತದೆ. ಟ್ಯಾಂಕಿನಲ್ಲಿ ತಿಂಗಳುಗಟ್ಟಲೆ ಉಳಿದರೆ ರಬ್ಬರ್ ಪೈಪು, ಕಾರ್ಬೊರೇಟರಿನ ತೆಳು ಪರದೆ ಹಾಳಾಗಬಹುದು. ಇದು ದೊಡ್ಡ ರಿಪೇರಿಯಲ್ಲ, ಆದರೆ ಚೌಕಾಸಿಗೆ ಕಾರಣ.

ಎಲ್ಲಕ್ಕಿಂತ ಮುಖ್ಯ: ಬ್ರೇಕ್

ಬಾರಿನ ತುದಿಯ ಮೇಲ್ಭಾಗ ಮರಕ್ಕೆ ತಾಗಿದರೆ ಮೆಷಿನ್ ಕಣ್ಣು ಮಿಟುಕಿಸುವಷ್ಟರಲ್ಲಿ ಮೇಲಕ್ಕೆ, ಕೊಯ್ಯುವವರ ಮುಖದ ಕಡೆಗೆ ಚಿಮ್ಮುತ್ತದೆ. ಆಗ ಚೈನ್ ನಿಲ್ಲಿಸುವುದು ಮುಂದಿನ ಹಿಡಿಕೆಯ ಎದುರಿಗಿರುವ ಚೈನ್ ಬ್ರೇಕ್. ಇಂಜಿನ್ ಆಫ್ ಇದ್ದಾಗ ಬ್ರೇಕನ್ನು ಮುಂದಕ್ಕೆ ತಳ್ಳಿ, ಗ್ಲೌಸ್ ಹಾಕಿದ ಕೈಯಿಂದ ಚೈನ್ ಎಳೆಯಿರಿ. ಕದಲಬಾರದು. ಇಂಜಿನ್ ಓಡುವಾಗ ಎಕ್ಸಲೇಟರ್ ಕೊಡದಿದ್ದರೆ ಚೈನ್ ತಿರುಗಬಾರದು. ಹಿಂದಿನ ಹಿಡಿಕೆಯ ಲಾಕ್ ಒತ್ತದೆ ಎಕ್ಸಲೇಟರ್ ಒತ್ತಲು ಬರಬಾರದು.

ಬ್ರೇಕ್ ತೆಗೆದುಹಾಕಿದ, ಅಥವಾ ಮೊದಲಿಂದಲೇ ಬ್ರೇಕ್ ಇಲ್ಲದ ತೀರಾ ಹಳೆಯ ಮಾಡೆಲ್ ಎಷ್ಟು ಅಗ್ಗಕ್ಕೆ ಸಿಕ್ಕರೂ ಬೇಡ. ‘ಹಳೇ ಕಾಲದ್ದು, ಅದೇ ಸ್ಟ್ರಾಂಗ್’ ಎಂಬ ಮಾತಿಗೆ ಇಲ್ಲಿ ಬೆಲೆಯಿಲ್ಲ. ಹಿಡಿಕೆಯ ರಬ್ಬರ್ ಬುಶ್‌ಗಳೂ ಹರಿದಿರಬಾರದು. ನಡುಕ ನೇರ ಕೈಗೆ ಬಂದು, ವರ್ಷಗಟ್ಟಲೆ ಹಾಗೆ ಕೆಲಸ ಮಾಡಿದವರಿಗೆ ಬೆರಳು ಜೋಮು ಹಿಡಿದು ಬಿಳಿಚಿಕೊಳ್ಳುವ ಕಾಯಿಲೆ ಬರುತ್ತದೆ.

ಕೊನೆಗೆ ಲೆಕ್ಕ

ಚೈನಿನ ಹಲ್ಲು 4 ಮಿಲಿಮೀಟರಿಗಿಂತ ಸಣ್ಣದಾಗಿದ್ದರೆ, ಸ್ಪ್ರಾಕೆಟ್ಟಿನಲ್ಲಿ ಅರ್ಧ ಮಿಲಿಮೀಟರಿಗಿಂತ ಆಳದ ಗುರುತು ಬಿದ್ದಿದ್ದರೆ ಬದಲಿಸಬೇಕು. ಇವು ಸವೆಯುವ ಭಾಗಗಳು, ಹೆದರಬೇಕಿಲ್ಲ, ಆದರೆ ಬೆಲೆಗೆ ಸೇರಿಸಬೇಕು.

ಲೆಕ್ಕಕ್ಕೆಂದು ಹೊಸ ಮೆಷಿನ್ 40,000 ರೂಪಾಯಿ, ಹಳೆಯದು 20,000 ಎನ್ನೋಣ. ಚೈನ್, ಬಾರ್, ಸ್ಪ್ರಾಕೆಟ್‌ಗೆ 5,000 ಹೋದರೆ 25,000 ಆಯಿತು. ಇಂಜಿನ್ ಚೆನ್ನಾಗಿದ್ದರೆ ಇದು ಒಳ್ಳೆಯ ವ್ಯಾಪಾರ. ಪಿಸ್ಟನ್, ಸಿಲಿಂಡರ್ ಕೂಡ ಬದಲಿಸಬೇಕಾಗಿ ಇನ್ನೊಂದು 10,000 ಖರ್ಚಾದರೆ 35,000. ಆಗ ಇನ್ನು 5,000 ಸೇರಿಸಿ, ವಾರಂಟಿ ಇರುವ ಹೊಸದನ್ನೇ ತರುವುದು ಜಾಣತನ. ನಿಮ್ಮ ಊರಿನ ನಿಜವಾದ ದರ ಹಾಕಿ ಇದೇ ಲೆಕ್ಕ ಮಾಡಿ.

ವರ್ಷಕ್ಕೆ ಮೂರು ನಾಲ್ಕು ದಿನದ ಕೆಲಸವಷ್ಟೇ ಇದ್ದರೆ ಮೆಷಿನ್ ಸಮೇತ ಬಂದು ಕೊಯ್ದು ಕೊಡುವವರನ್ನು ಕರೆಯುವುದೇ ಅಗ್ಗ. ಅಭ್ಯಾಸ ಇಲ್ಲದವರಿಗೆ ಅದೇ ಕ್ಷೇಮ ಕೂಡ.

ಇನ್ನು ಮುಂದೆ ‘ಜರ್ಮನ್ ಮೆಷಿನ್, ಅರ್ಧ ರೇಟು’ ಎಂಬ ಸಂದೇಶ ಬಂದರೆ ಫಾರ್ವರ್ಡ್ ಮಾಡುವ ಮೊದಲು ಮೂರು ಕೇಳಿ: ಸೀರಿಯಲ್ ನಂಬರಿನ ಫೋಟೋ, ಪಿಸ್ಟನ್ನಿನ ಫೋಟೋ, ಬ್ರೇಕ್ ಕೆಲಸ ಮಾಡುವ ವಿಡಿಯೋ. ಮೂರೂ ಬಂದರೆ ಹೋಗಿ ನೋಡಿ ಬನ್ನಿ. ಬಾರದಿದ್ದರೆ ಆ ಸಂದೇಶವನ್ನು ಅಲ್ಲಿಗೇ ಬಿಡಿ.