ಉದ್ದಮೀಸೆಯ ದುಂಬಿಯೂ ತೋಟದ ನೆರಳೂ

ಮೈಗಿಂತಲೂ ಉದ್ದವಾದ ಮೀಸೆಗಳನ್ನು ಹೊತ್ತು ಮಳೆಗಾಲದ ರಾತ್ರಿ ದೀಪದ ಬಳಿಗೆ ಬರುವ ದುಂಬಿಯನ್ನು ನಮ್ಮಲ್ಲಿ ಅನೇಕರು ಕಂಡಿರಬಹುದು. ಸೆರಾಂಬಿಸಿಡೇ ಎಂಬ ಈ ಕುಟುಂಬದಲ್ಲಿ 30,000ಕ್ಕೂ ಹೆಚ್ಚು ಪ್ರಭೇದಗಳಿವೆ. ಮಾವು, ಅಂಜೂರಗಳನ್ನು ಕೊರೆಯುವ ಬಟೋಸೆರಾ ಭಾರತದ ಬಹುಭಾಗಗಳಲ್ಲಿದೆ. ನಾಗಪುರದ ಈಶಾನ್ಯಕ್ಕಿರುವ ಮಂಡ್ಲಾ ಸೀಮೆಯ ಸಾಲವೃಕ್ಷಗಳ ಕಾಡಿನಲ್ಲಿ 1997ರ ಸುಮಾರಿಗೆ ಹಾಪ್ಲೊಸೆರಾಂಬಿಕ್ಸ್ ಹಾವಳಿಯೆಬ್ಬಿಸಿ, ಲಕ್ಷಾಂತರ ಮರಗಳು ಕೊಡಲಿಗೆ ಬಲಿಯಾದವು.

ಕೊಡಗು, ಚಿಕ್ಕಮಗಳೂರು, ಹಾಸನಗಳ ಅರೇಬಿಕಾ ಕಾಫಿಗೆ ಇದೇ ಕುಟುಂಬದ ಬಿಳಿ ಕಾಂಡಕೊರಕವು ಪರಮಶತ್ರು. ಇದರ ಮೀಸೆ ಮಾತ್ರ ಮೋಟು. ಏಪ್ರಿಲ್-ಮೇ ಹಾಗೂ ಅಕ್ಟೋಬರ್-ಡಿಸೆಂಬರ್ ತಿಂಗಳುಗಳಲ್ಲಿ ಹಾರಾಡಿ, ತೊಗಟೆಯ ಬಿರುಕುಗಳಲ್ಲಿ ಮೊಟ್ಟೆಯಿಡುತ್ತದೆ. ಮರಿಹುಳು ತಿಂಗಳುಗಟ್ಟಲೆ ಕಾಂಡದೊಳಗೇ ಕೊರೆಯುತ್ತದೆ. ಎಲೆ ಹಳದಿಯಾಗಿ ಗಿಡ ಬಾಡುವ ವೇಳೆಗೆ ಕಾಲ ಮಿಂಚಿರುತ್ತದೆ. ಅಂಥ ಗಿಡವನ್ನು ಕಿತ್ತು ಸುಡುವುದೊಂದೇ ದಾರಿ.

ಈ ದುಂಬಿಗೆ ಬಿಸಿಲು ಪ್ರಿಯ. ಆದುದರಿಂದ ದಟ್ಟ ನೆರಳೇ ಗಿಡಕ್ಕೆ ಮೊದಲ ರಕ್ಷೆ. ವಾಣಿಜ್ಯದ ಭಾಷೆಯಲ್ಲಿ ಹೇಳುವುದಾದರೆ, ನೆರಳಿನ ಮರ ತೋಟದ ಮೂಲಧನ. ಅದನ್ನು ಮಾರಿ ಬಂದ ಹಣವನ್ನು ಆದಾಯವೆಂದು ಬರೆದುಕೊಳ್ಳಲಾಗದು. ಊರಿನಲ್ಲಿ ಪಾಲಿನ ತೋಟವುಳ್ಳ ಬಾಂಧವರು ಮರ ಕಡಿಯುವ ಒಪ್ಪಿಗೆಪತ್ರಕ್ಕೆ ಇಲ್ಲಿಂದಲೇ ಸಹಿ ಹಾಕಿ ಕಳುಹಿಸುವ ಮುನ್ನ ಈ ಕಿರುದುಂಬಿಯನ್ನೊಮ್ಮೆ ನೆನೆಯಬೇಕು.