ನೀರ ಮೇಲಿನ ಗುರುತು

ಕೃಷ್ಣೆಯ ದಂಡೆಯ ಯಡೂರಿನಲ್ಲಿ ಹುಟ್ಟಿ ಬೆಳೆದವನಿಗೆ ನೀರಿನ ಪರಿಚಯವನ್ನು ಬೇರೆ ಯಾರೂ ಮಾಡಿಕೊಡಬೇಕಾಗಿಲ್ಲ. ವೀರಭದ್ರದೇವರ ಗುಡಿಯ ಬಳಿಯಲ್ಲೇ ಹೊಳೆ; ಹೊಳೆಯಿಂದ ಈಚೆಗೆ ಕಬ್ಬಿನ ಹೊಲಗಳು; ಹೊಲಗಳ ನಡುವೆ ಬಾವಿಗಳು. ಬೆನ್ನಿಗೆ ಒಣಗಿದ ಸೋರೆಬುರುಡೆ ಕಟ್ಟಿಕೊಂಡು ನಾವು ಈಜು ಕಲಿತದ್ದು ಇಂಥ ಬಾವಿಗಳಲ್ಲಿಯೇ.

ನನಗೆ ಹತ್ತು ವರ್ಷವಿದ್ದಾಗ ನಮ್ಮ ಬಾವಿಯಲ್ಲಿ ಹಿತ್ತಾಳೆಯ ಕೊಡವೊಂದು ಬಿದ್ದುಹೋಯಿತು. ಪಾತಾಳಗರಡಿಗೆ ಅದು ಸಿಕ್ಕಲಿಲ್ಲ. ನಮ್ಮ ಕಾಕಾ ನಡುವಿಗೆ ಹಗ್ಗ ಬಿಗಿದುಕೊಂಡು ಮುಳುಗಿದರು. ಹಗ್ಗದ ಮೇಲಿನ ತುದಿಯನ್ನು ಹಿಡಿದವರು ನೆರೆಯವರೊಬ್ಬರು. ಎರಡು ಸಲ ಜಗ್ಗಿದರೆ ಮೇಲೆಳೆಯಬೇಕೆಂದು ಮಾತಾಗಿತ್ತು. ಕಾಕಾ ಜಗ್ಗಿದರು. ಆದರೆ ಹಗ್ಗ ಹಿಡಿದವರು ಆ ಗಳಿಗೆಯಲ್ಲಿ ದಾರಿಹೋಕರೊಡನೆ ಕಬ್ಬಿನ ದರದ ಮಾತಿಗೆ ತೊಡಗಿದ್ದರು. ಅಂಚಿನಲ್ಲಿ ಕುಳಿತಿದ್ದ ನಾನು ಹಗ್ಗ ಅಲುಗಿದ್ದನ್ನು ಕಂಡು ಕಿರುಚಿದೆ. ಮೇಲೆ ಬಂದ ಕಾಕಾನ ಮುಖದ ಬಣ್ಣವನ್ನು ನಾನು ಈವರೆಗೂ ಮರೆತಿಲ್ಲ. ಕೊಡ ಬಾವಿಯಲ್ಲಿಯೇ ಉಳಿಯಿತು.

ಈ ಹಳೆಯ ಸಂಗತಿ ನೆನಪಾಗುವುದಕ್ಕೆ ಕಾರಣಳಾದವಳು ನನ್ನ ತಮ್ಮನ ಮಗಳು. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಆಕೆ ಬೆನ್ನಿಗೆ ಗಾಳಿಯ ಸಿಲಿಂಡರು ಹೊತ್ತು ಸಮುದ್ರದಲ್ಲಿ ಮುಳುಗುವ ವಿದ್ಯೆಯನ್ನು ಕಲಿತಿದ್ದಾಳೆ. ಮುರ್ಡೇಶ್ವರದಿಂದ ಸುಮಾರು 19 ಕಿಲೋಮೀಟರು ದೂರ ಅರಬ್ಬೀ ಸಮುದ್ರದಲ್ಲಿರುವ ನೇತ್ರಾಣಿ ದ್ವೀಪಕ್ಕೆ ಹೋಗುವ ಮುನ್ನ ಊರಿಗೆ ಬಂದಿದ್ದಳು. ಅವಳ ಚೀಲದಿಂದ ಕಿತ್ತಳೆ ಬಣ್ಣದ ಬಟ್ಟೆಯ ಸುರುಳಿಯೊಂದು ಹೊರಬಂತು. ಬಿಡಿಸಿದರೆ ಗಾಳಿ ತುಂಬುವ ಕೊಳವೆ. ಆಳಿನಷ್ಟೇ ಉದ್ದ, ತೋಳಿನಷ್ಟು ದಪ್ಪ. ಅದರ ಬುಡಕ್ಕೆ ದಾರ, ದಾರಕ್ಕೊಂದು ರೀಲು. ಅವಳು ಅದನ್ನು ಮೂರು ಇಂಗ್ಲಿಷ್ ಅಕ್ಷರಗಳಿಂದ ಎಸ್.ಎಂ.ಬಿ. ಎಂದು ಕರೆದಳು. ಬಲೆಗೆ ಕಟ್ಟುವ ತೇಲುವ ವಸ್ತುವಿಗೆ ನಮ್ಮಲ್ಲಿ ‘ಬೆಂಡು’ ಎಂಬ ಚೆಲುವಾದ ಮಾತಿರುವಾಗ ಅಕ್ಷರಗಳ ಗೊಡವೆ ಏಕೆಂದು ನಾನು ಕೇಳಿದೆ. ಮೇಷ್ಟರಾಗಿದ್ದವರ ಚಾಳಿ, ಬಿಡುವುದಿಲ್ಲ. ಇಲ್ಲಿಂದ ಮುಂದೆ ಬೆಂಡು ಎಂದೇ ಕರೆಯುತ್ತೇನೆ.

ಈ ಬೆಂಡಿನ ಅಗತ್ಯವನ್ನು ತಿಳಿಯಬೇಕಾದರೆ ದೋಣಿಯ ಮೇಲೆ ನಿಂತವನ ಕಣ್ಣಿನಿಂದ ನೋಡಬೇಕು. ನೀರಿನಿಂದ ತಲೆಯೆತ್ತಿದ ಮನುಷ್ಯ ಅಲೆಗಳ ನಡುವೆ ತೇಲುವ ತೆಂಗಿನಕಾಯಿಯಷ್ಟೇ ಕಾಣುತ್ತಾನೆ. ಅಲೆಯ ತಗ್ಗಿಗೆ ಇಳಿದಾಗ ಅಷ್ಟೂ ಕಾಣುವುದಿಲ್ಲ. ಅದರ ಮೇಲೆ ಸೆಳೆತ ಬೇರೆ. ಗಂಟೆಗೆ ಒಂದು ನಾಟಿಕಲ್ ಮೈಲಿಯ ಸೆಳೆತ ಸಮುದ್ರದಲ್ಲಿ ವಿಶೇಷವಲ್ಲ. ಆದರೂ ಅದು ನಿಮಿಷಕ್ಕೆ ಸುಮಾರು 30 ಮೀಟರು ಒಯ್ಯುತ್ತದೆ. ಮುಳುಗುಗಾರರು ಮೇಲೇಳುವ ಮೊದಲು 5 ಮೀಟರು ಆಳದಲ್ಲಿ 3 ನಿಮಿಷ ನಿಲ್ಲುವುದು ವಾಡಿಕೆ. ನಿಂತೇ ಇದ್ದೇನೆಂದು ಅವರು ತಿಳಿದುಕೊಂಡಿರುವ ಆ ಅವಧಿಯಲ್ಲಿಯೇ 90 ಮೀಟರು ಸರಿದುಹೋಗಿರುತ್ತಾರೆ. ಇಪ್ಪತ್ತು ನಿಮಿಷವಾದರೆ ಅರ್ಧ ಕಿಲೋಮೀಟರಿಗೂ ಮೀರಿ. ಇಂಡೋನೇಷ್ಯದ ಕೊಮೊಡೊ ದ್ವೀಪಗಳ ಬಳಿ 2008ರ ಜೂನ್ ತಿಂಗಳಲ್ಲಿ ಐವರು ಐರೋಪ್ಯ ಮುಳುಗುಗಾರರು ಹೀಗೆಯೇ ಸೆಳೆತಕ್ಕೆ ಸಿಕ್ಕಿ, ರಿಂಚಾ ದ್ವೀಪವನ್ನು ಸೇರಿ, ಎರಡು ದಿನಗಳ ಅನಂತರ ಪತ್ತೆಯಾದರು. ನಡುವೆ ಅಲ್ಲಿಯ ದೈತ್ಯ ಉಡವೊಂದನ್ನು ಕಲ್ಲೆಸೆದು ಓಡಿಸಬೇಕಾಯಿತಂತೆ.

ಬೆಂಡಿನಲ್ಲಿ ಎರಡು ಬಗೆ. ಸೆಳೆತದೊಡನೆಯೇ ಸಾಗುವವರು ಮೊದಲಿನಿಂದಲೂ ಅದನ್ನು ನೀರ ಮೇಲೆ ತೇಲಿಬಿಟ್ಟು, ಗಾಳಿಪಟ ಹಿಡಿದ ಹುಡುಗನಂತೆ ಎಳೆದುಕೊಂಡು ಹೋಗುತ್ತಾರೆ. ಇನ್ನೊಂದು ಬಗೆಯದನ್ನು ಸುತ್ತಿ ಒಯ್ದು, ಮೇಲೇಳುವ ಹೊತ್ತಿಗೆ ಆಳದಿಂದಲೇ ಗಾಳಿ ತುಂಬಿ ಬಿಡುತ್ತಾರೆ. ‘ಇಲ್ಲಿದ್ದೇವೆ, ಏಳುತ್ತಿದ್ದೇವೆ’ ಎಂದು ದೋಣಿಯವನಿಗೆ ತಿಳಿಸುವುದಕ್ಕೂ, ತಲೆಯ ಮೇಲೆ ಹಾಯುವ ಯಂತ್ರದೋಣಿಗಳನ್ನು ದೂರವಿಡುವುದಕ್ಕೂ ಇದು ಸಾಧನ. ನನ್ನ ತಮ್ಮನ ಮಗಳ ಬಳಿ ಇದ್ದದ್ದು ಈ ಎರಡನೆಯದು.

ಇಲ್ಲಿ ಹೈಸ್ಕೂಲಿನ ವಿಜ್ಞಾನವನ್ನು ಸ್ವಲ್ಪ ನೆನೆಯಬೇಕು. ಒತ್ತಡ ಕಡಮೆಯಾದಂತೆ ಗಾಳಿ ಹಿಗ್ಗುತ್ತದೆ ಎಂಬ ಬಾಯ್ಲ್ ಮಹಾಶಯನ ನಿಯಮವನ್ನು ನಾವು ಪರೀಕ್ಷೆಗಾಗಿ ಬಾಯಿಪಾಠ ಮಾಡಿದವರು. ಸಮುದ್ರದಲ್ಲಿ ಪ್ರತಿ 10 ಮೀಟರು ಆಳಕ್ಕೆ ಒಂದು ವಾಯುಮಂಡಲದಷ್ಟು ಒತ್ತಡ ಕೂಡುತ್ತದೆ. 20 ಮೀಟರು ಆಳದಲ್ಲಿ ಕೊಳವೆಯ ಮೂರನೆಯ ಒಂದು ಭಾಗ ತುಂಬುವಷ್ಟು ಗಾಳಿ ಊದಿದರೆ ಸಾಕು, ಮೇಲೆ ಬರುವಷ್ಟರಲ್ಲಿ ಅದು ಪೂರ್ತಿ ಉಬ್ಬಿರುತ್ತದೆ. ಹೆಚ್ಚಾದರೆ ಒಡೆಯದಿರಲೆಂದು ಗಾಳಿ ಹೊರಬಿಡುವ ಕವಾಟವಿರುತ್ತದೆ.

ಬೆಂಡಿನ ಸಹಾಯವೂ ಅಪಾಯವೂ ಈ ಹಿಗ್ಗಿನಲ್ಲಿಯೇ ಇವೆ. ನಾನು ನಮ್ಮ ಬಾವಿಯ ಬುದ್ಧಿಯಿಂದ, “ದಾರವನ್ನು ನಡುವಿಗೆ ಭದ್ರವಾಗಿ ಕಟ್ಟಿಕೊಳ್ಳುತ್ತೀಯಷ್ಟೆ?” ಎಂದು ಕೇಳಿದೆ. ಹುಡುಗಿ ಗಾಬರಿಯಾದಳು. “ಬ್ಯಾಡ ದೊಡ್ಡಪ್ಪಾ! ಕಟ್ಟಿಕೊಂಡ್ರ ಅದು ನನ್ನನ್ನೂ ಮ್ಯಾಲ ಎಳಕೊಂಡು ಹೋಗ್ತದ. ಹಂಗ ಹೋಗಬಾರದು.”

ಅವಳ ಮಾತು ನಿಜ. ಹತ್ತು ಲೀಟರು ಗಾಳಿಯ ಕೊಳವೆ ನೀರಿನಲ್ಲಿ ಹತ್ತಿರ ಹತ್ತಿರ ಹತ್ತು ಕಿಲೋ ಭಾರವನ್ನು ಎತ್ತಬಲ್ಲದು. ದಾರ ಸಿಕ್ಕು ಬಿದ್ದು ಮುಳುಗುಗಾರನನ್ನು ಸರ್ರನೆ ಮೇಲೆ ಸೆಳೆದರೆ, ಅವನ ಶ್ವಾಸಕೋಶದೊಳಗಿನ ಗಾಳಿಯೂ ಅದೇ ನಿಯಮದಂತೆ ಹಿಗ್ಗುತ್ತದೆ. ಉಸಿರು ಬಿಗಿಹಿಡಿದಿದ್ದರೆ ಶ್ವಾಸಕೋಶ ಹರಿಯಬಹುದು. ಸೋಡಾ ಬಾಟಲಿಯ ಮುಚ್ಚಳ ತೆಗೆದಾಗಿನಂತೆ ರಕ್ತದಲ್ಲಿ ಕರಗಿದ್ದ ಸಾರಜನಕ ಗುಳ್ಳೆಗಟ್ಟಬಹುದು. ಆದುದರಿಂದಲೇ ನಿಮಿಷಕ್ಕೆ 9 ಮೀಟರಿಗಿಂತ ವೇಗವಾಗಿ ಏರಬಾರದೆಂದು ಇಂದು ಸಾಮಾನ್ಯವಾಗಿ ಕಲಿಸುತ್ತಾರೆ. ಬೆಂಡನ್ನು ಬಿಡುವ ಮೊದಲು ಮೇಲೆ ದೋಣಿಯಿಲ್ಲವೆಂದು ನೋಡಬೇಕು. ದಾರ ತನಗಾಗಲಿ ಜೊತೆಗಾರನಿಗಾಗಲಿ ತೊಡರಿಲ್ಲವೆಂದು ನೋಡಬೇಕು. ರೀಲನ್ನು ಮೈಗೆ ಸಿಕ್ಕಿಸದೆ, ಕೈಚಾಚಿ, ದೂರದಲ್ಲಿ ಹಿಡಿದಿರಬೇಕು. ದಾರ ಸಿಕ್ಕಿಕೊಂಡಿತೋ, ಆ ಕ್ಷಣವೇ ರೀಲನ್ನು ಕೈಬಿಡಬೇಕು. ಬೆಂಡು ಹೋದರೆ ಇನ್ನೊಂದು ಕೊಳ್ಳಬಹುದು. ನಮ್ಮ ಬಾವಿಯಲ್ಲಿ ಹಗ್ಗವನ್ನು ಬಿಡಬಾರದು ಎಂಬುದೇ ಶಾಸ್ತ್ರ. ಇಲ್ಲಿ ಬಿಡಲು ಸಿದ್ಧನಿರುವುದೇ ಶಾಸ್ತ್ರ. ಇದನ್ನು ಅರಗಿಸಿಕೊಳ್ಳಲು ನನಗೆ ಸ್ವಲ್ಪ ಕಾಲ ಹಿಡಿಯಿತು.

ಇನ್ನೊಂದು ಸೂಕ್ಷ್ಮ. ಬೆಂಡು ಮೇಲೆ ಹೋದರಷ್ಟೇ ಸಾಲದು, ನೆಟ್ಟಗೆ ನಿಲ್ಲಬೇಕು. ಕೆಳಗಿನಿಂದ ದಾರವನ್ನು ಬಿಗಿಯಾಗಿ ಹಿಡಿದರೆ ಅದು ಕಂಬದಂತೆ ನಿಲ್ಲುತ್ತದೆ. ಸಡಿಲ ಬಿಟ್ಟರೆ ಅಡ್ಡ ಮಲಗುತ್ತದೆ. ಮಲಗಿದ ಬೆಂಡು ದೂರದಿಂದ ಕಾಣುವುದಿಲ್ಲ. ಬೆಂಡನ್ನು ವರ್ಷಗಟ್ಟಲೆ ಬೆನ್ನ ಹಿಂದೆ ನೇತುಹಾಕಿಕೊಂಡು, ಒಂದು ಸಲವೂ ಬಿಚ್ಚದೆ ತಿರುಗುವವರೂ ಉಂಟಂತೆ. ಮದುವೆಯ ಪೇಟವೆ ಅದು? ಈಜುಕೊಳದಲ್ಲಿ ಹತ್ತು ಸಲ ಅಭ್ಯಾಸ ಮಾಡದವನಿಗೆ ಸೆಳೆತದ ನಡುವೆ ಕೈ ನಡೆಯುವುದಿಲ್ಲ.

ಆದರೆ ಗುರುತು ಎಷ್ಟೇ ಎತ್ತರಕ್ಕೆ ನಿಂತರೂ ನೋಡುವವನೊಬ್ಬ ಬೇಕಲ್ಲವೆ? ಜಪಾನಿನ ‘ಅಮಾ’ ಎಂಬ ಮುಳುಗುಗಾರ್ತಿಯರಲ್ಲಿ ದೋಣಿಯಿಂದ ಮುಳುಗುವವಳ ಹಗ್ಗವನ್ನು ಅನೇಕ ವೇಳೆ ಗಂಡನೇ ಹಿಡಿಯುತ್ತಿದ್ದ. ಎಂಥವನ ಕೈಯಲ್ಲಿ ಹಗ್ಗವಿರಬೇಕೆಂಬುದು ಅವರಿಗೆ ತಿಳಿದಿತ್ತು. 1998ರ ಜನವರಿ 25ರಂದು ಆಸ್ಟ್ರೇಲಿಯದ ಮಹಾಹವಳದ ದಿಬ್ಬದ ಬಳಿ ಟಾಮ್ ಮತ್ತು ಐಲೀನ್ ಲೋನರ್ಗನ್ ಎಂಬ ಅಮೆರಿಕದ ದಂಪತಿಗಳು ಮುಳುಗಿದ್ದರು. ಎಣಿಕೆ ತಪ್ಪಿ, ಅವರನ್ನು ಅಲ್ಲಿಯೇ ಬಿಟ್ಟು ದೋಣಿ ದಡಕ್ಕೆ ಮರಳಿತು. ಇಬ್ಬರು ಬಂದಿಲ್ಲವೆಂಬುದು ಗೊತ್ತಾದದ್ದು ಎರಡು ದಿನಗಳ ಮೇಲೆ, ದೋಣಿಯಲ್ಲಿ ಉಳಿದಿದ್ದ ಅವರ ಚೀಲದಿಂದ. ಅವರು ಸಿಗಲೇ ಇಲ್ಲ. ಹೊರಟುಹೋದ ದೋಣಿಗೆ ಯಾವ ಬೆಂಡು ಕಂಡೀತು? ಇದನ್ನು ಕೇಳುವಾಗ ನನ್ನ ಕಣ್ಣಿಗೆ ಬಂದದ್ದು ಆಸ್ಟ್ರೇಲಿಯದ ಸಮುದ್ರವಲ್ಲ. ಕಬ್ಬಿನ ದರದ ಮಾತಿನಲ್ಲಿ ಮೈಮರೆತ ನೆರೆಯವರ ಕೈಯಲ್ಲಿ ಅಲುಗುತ್ತಿದ್ದ ಹಗ್ಗ.

ನೇತ್ರಾಣಿಗೆ ಹೊರಡುವ ದಿನ ಅವಳಿಗೆ ಎರಡು ಮಾತು ಹೇಳಿದೆ: ದೋಣಿಯಲ್ಲಿ ಉಳಿಯುವವರು ಯಾರೆಂದು ಕೇಳಿಕೊ, ಇಳಿಯುವಾಗ ನಿಮ್ಮನ್ನು ಎಣಿಸಿದವರೇ ಹತ್ತುವಾಗಲೂ ಎಣಿಸುತ್ತಾರೆಯೇ ಎಂದು ಕೇಳಿಕೊ. “ಆಗಲಿ ದೊಡ್ಡಪ್ಪಾ” ಎಂದು ನಕ್ಕಳು. ಸಂಜೆ ಐದರವರೆಗೆ ನಾನು ಓದಲೆಂದು ತೆರೆದ ಪುಸ್ತಕ ಅದೇ ಪುಟದಲ್ಲಿತ್ತು. ಆಮೇಲೆ ಫೋನು ಬಂತು. ಬೆಂಡನ್ನು ಎರಡು ಸಲ ಬಿಟ್ಟು ನೋಡಿದಳಂತೆ. ಮೊದಲ ಸಲ ಅದು ಅಡ್ಡ ಮಲಗಿಬಿಟ್ಟಿತಂತೆ. ಎರಡನೆಯ ಸಲ ದೋಣಿಯ ಹುಡುಗ ಅದನ್ನು ಕಂಡು ದೂರದಿಂದಲೇ ಕೈ ಎತ್ತಿದನಂತೆ.