ಆಟಿಕೆಗಾಗಿ ಸಡಿಲವಾದ ಬೀಗ

೨೦೦೫ರ ಚಳಿಗಾಲ. ಅಮೆರಿಕದ ಮನೆಗಳಲ್ಲಿ ಕ್ರಿಸ್‌ಮಸ್ ಉಡುಗೊರೆಗಳನ್ನು ಬಿಚ್ಚುವ ಸಂಭ್ರಮ. ಬಣ್ಣದ ಕಾಗದದ ಹೊದಿಕೆಯೊಳಗಿಂದ ಎಷ್ಟೋ ಮಕ್ಕಳ ಕೈಗೆ ಬಂದುದು ಪುಸ್ತಕದಂತೆ ಮಡಿಸಿ ಮುಚ್ಚಬಹುದಾದ ಒಂದು ಪುಟ್ಟ ಪೆಟ್ಟಿಗೆ. ತೆರೆದರೆ ಮೇಲೊಂದು ಪರದೆ, ಕೆಳಗೊಂದು ಪರದೆ. ಕೆಳಗಿನ ಪರದೆಯನ್ನು ಕಡ್ಡಿಯಿಂದ ಮುಟ್ಟಿದರೆ ಸಾಕು, ಒಳಗಿನ ಚಿತ್ರ ಹೇಳಿದಂತೆ ಕೇಳುತ್ತದೆ. ಜಪಾನಿನ ಕ್ಯೋಟೋ ನಗರದ ನಿಂಟೆಂಡೊ ಸಂಸ್ಥೆ ತಯಾರಿಸಿದ ಈ ಕೈಯಾಟದ ಯಂತ್ರದ ಹೆಸರು ‘ಡಿ.ಎಸ್.’

ಯಂತ್ರ ಮಾರುಕಟ್ಟೆಗೆ ಬಂದು ಆಗಲೇ ಒಂದು ವರ್ಷವಾಗಿತ್ತು. ಆದರೆ ಆ ವರ್ಷದ ನವೆಂಬರ್ ೧೪ರಂದು ಅದಕ್ಕೊಂದು ಹೊಸ ಶಕ್ತಿ ಬಂದಿತ್ತು. ಮನೆಯ ನಿಸ್ತಂತು ಜಾಲಕ್ಕೆ, ಅಂದರೆ ವೈ-ಫೈಗೆ, ಅದನ್ನು ಸೇರಿಸಿದರೆ ಸಮುದ್ರದಾಚೆಯ ಹುಡುಗನೊಡನೆಯೂ ಆಡಬಹುದು! ‘ಮಾರಿಯೋ ಕಾರ್ಟ್’ ಆಟದ ಪುಟ್ಟ ಮೋಟಾರುಗಳನ್ನು ಷಿಕಾಗೋದ ಬಾಲಕನೂ ಟೋಕಿಯೋದ ಬಾಲಕಿಯೂ ಪಂದ್ಯ ಕಟ್ಟಿ ಓಡಿಸಬಹುದು. ಇದಕ್ಕೆ ಬೇರೆ ಚಂದಾ ಇಲ್ಲ, ತಂತಿಯೂ ಬೇಡ. ಇದಕ್ಕಿಂತ ಹೆಚ್ಚಿನ ಸೋಜಿಗವನ್ನು ಮಕ್ಕಳು ಇನ್ನೇನು ಬಯಸಿಯಾರು?

ಆದರೆ ಆ ಸಂಜೆ ಅನೇಕ ಮನೆಗಳಲ್ಲಿ ಆಟ ಆರಂಭವಾಗಲಿಲ್ಲ. ತಂದೆ ಸರಿಯಾದ ಗುಪ್ತಪದವನ್ನೇ ಕೊಟ್ಟರೂ ಯಂತ್ರ ಒಳಗೆ ಹೋಗಲೊಲ್ಲದು. ತಪ್ಪು ತಂದೆಯದೂ ಅಲ್ಲ, ಗುಪ್ತಪದದ್ದೂ ಅಲ್ಲ. ಮನೆಯ ಬಾಗಿಲಿಗೆ ಹೊಸ ಬೀಗ ಬಿದ್ದಿತ್ತು. ಆಟಿಕೆಗೆ ಗೊತ್ತಿದ್ದುದು ಹಳೆಯ ಬೀಗ ಮಾತ್ರ.

ಕಾಣದ ಅಲೆಗಳ ಹಾದಿ

ಈ ತೊಡಕು ಅರ್ಥವಾಗಬೇಕಾದರೆ, ಆಟದ ಯಂತ್ರ ಮನೆಯ ಜಾಲವನ್ನು ಸೇರುವ ಕ್ರಮವನ್ನು ಮೊದಲು ತಿಳಿಯಬೇಕು.

ಮನೆಯೊಳಕ್ಕೆ ಇಂಟರ್‌ನೆಟ್ಟನ್ನು ತಂದು ಹಂಚುವ ಪೆಟ್ಟಿಗೆಗೆ ರೌಟರ್ ಎಂದು ಹೆಸರು. ರೇಡಿಯೋ ಅಲೆಗಳ ಮೂಲಕ ಅದು ಮನೆಯ ಯಂತ್ರಗಳೊಡನೆ ಮಾತನಾಡುತ್ತದೆ. ಡಿ.ಎಸ್. ಬಳಸುವ ಅಲೆಗಳು ಸೆಕೆಂಡಿಗೆ ಸುಮಾರು ೨೪೦ ಕೋಟಿ ಬಾರಿ ಸ್ಪಂದಿಸುವಂಥವು; ಒಂದೊಂದರ ಉದ್ದ ಸುಮಾರು ಹನ್ನೆರಡೂವರೆ ಸೆಂಟಿಮೀಟರು. ಅಡಿಗೆಮನೆಯ ಮೈಕ್ರೋವೇವ್ ಒಲೆಯೂ ಹೆಚ್ಚುಕಡಿಮೆ ಇದೇ ಪಟ್ಟಿಯ ಅಲೆಗಳಿಂದಲೇ ಅನ್ನವನ್ನು ಬಿಸಿಮಾಡುತ್ತದೆ. ಆದುದರಿಂದಲೇ ಒಲೆ ಉರಿಯುವಾಗ ಕೆಲವೊಮ್ಮೆ ಪಕ್ಕದ ಕೋಣೆಯ ಆಟ ತೊದಲುವುದುಂಟು.

ಮೊದಲು ಈ ಅಲೆಗಳ ಪಟ್ಟಿಯಲ್ಲಿ ಪ್ರಸಾರ ಮಾಡಲು ಸರ್ಕಾರದ ಪರವಾನಗಿ ಬೇಕಾಗಿತ್ತು. ಅಮೆರಿಕ ೧೯೮೫ರಲ್ಲಿ ಈ ನಿರ್ಬಂಧವನ್ನು ಸಡಿಲಿಸಿತು. ಭಾರತದಲ್ಲಿ ಅಲ್ಪಶಕ್ತಿಯ ಉಪಕರಣಗಳಿಗೆ ಇಂತಹ ವಿನಾಯಿತಿ ದೊರೆತುದು ೨೦೦೫ರ ಜನವರಿಯಲ್ಲಿ. ನಿಸ್ತಂತು ಜಾಲದ ಮೊದಲ ನಿಯಮಾವಳಿ ‘೮೦೨.೧೧’ ಎಂಬ ಹೆಸರಿನಿಂದ ೧೯೯೭ರಲ್ಲಿ ಹೊರಬಂದಿತು. ಅದರ ಸುಧಾರಿತ ರೂಪವಾದ ‘೮೦೨.೧೧ ಬಿ’ ಬಂದುದು ೧೯೯೯ರಲ್ಲಿ. ಡಿ.ಎಸ್. ಕಲಿತದ್ದು ಈ ಎರಡನೆಯ ಭಾಷೆಯನ್ನು, ಅದನ್ನೂ ನಿಧಾನದ ವೇಗದಲ್ಲಿ. ಕಾರು ಎತ್ತ ತಿರುಗಿತು, ಯಾವ ಗುಂಡಿ ಒತ್ತಲಾಯಿತು ಎಂಬಷ್ಟು ಸುದ್ದಿ ಕಳುಹಿಸಲು ಆ ವೇಗ ಧಾರಾಳವಾಗಿ ಸಾಕಾಗಿತ್ತು.

ಐದು ಮೆಟ್ಟಿಲು

ಸೇರ್ಪಡೆಯ ಕೆಲಸ ಐದು ಮೆಟ್ಟಿಲುಗಳಲ್ಲಿ ನಡೆಯುತ್ತದೆ. ರೌಟರ್ ಸೆಕೆಂಡಿಗೆ ಹಲವು ಬಾರಿ “ನಾನಿಲ್ಲಿದ್ದೇನೆ, ನನ್ನ ಹೆಸರು ಇಂಥದು” ಎಂದು ಡಂಗುರ ಹೊಡೆಯುತ್ತಿರುತ್ತದೆ. ಆಟದ ಯಂತ್ರ ಅದನ್ನು ಕೇಳಿ, ಸುತ್ತಲಿನ ಜಾಲಗಳ ಹೆಸರುಗಳನ್ನು ಪರದೆಯ ಮೇಲೆ ತೋರಿಸುತ್ತದೆ. ಇದು ಮೊದಲನೆಯ ಮೆಟ್ಟಿಲು. ಎರಡನೆಯದರಲ್ಲಿ ಯಂತ್ರ ತನ್ನಲ್ಲಿ ಕೀಲಿಕೈ ಇದೆಯೆಂದು ರುಜುವಾತು ಮಾಡಬೇಕು. ಮೂರನೆಯದರಲ್ಲಿ ರೌಟರ್ ಅದಕ್ಕೊಂದು ಮನೆಯ ಸಂಖ್ಯೆ ಕೊಡುತ್ತದೆ. ಮುಂದೆ ಬರುವ ಸುದ್ದಿಯೆಲ್ಲ ಆ ಸಂಖ್ಯೆಯ ವಿಳಾಸಕ್ಕೇ ಬರಬೇಕು. ನಾಲ್ಕನೆಯದರಲ್ಲಿ ಯಂತ್ರ, ತಾನು ಹುಡುಕುವ ದೂರದ ಕೇಂದ್ರದ ಹೆಸರನ್ನು ಹೇಳಿ ಅದರ ವಿಳಾಸವನ್ನು ವಿಚಾರಿಸುತ್ತದೆ. ಐದನೆಯ ಮೆಟ್ಟಿಲೇ ಆ ಕೇಂದ್ರದ ಬಾಗಿಲು. ಅಲ್ಲಿ ಜೊತೆಗಾರರು ಸಿಗುತ್ತಾರೆ.

ಎಲ್ಲಿ ಎಡವಿದರೂ ಮಗುವಿಗೆ ಕಾಣುವುದು ಒಂದೇ ಫಲ, ಆಟವಿಲ್ಲ. ಆದರೆ ಕಾರಣಗಳು ಬೇರೆಬೇರೆ. ಜಾಲದ ಹೆಸರೇ ಪಟ್ಟಿಯಲ್ಲಿ ಕಾಣದಿದ್ದರೆ, ರೌಟರ್ ತನ್ನ ಹೆಸರನ್ನು ಮರೆಸಿಕೊಂಡಿರಬಹುದು. ಇಲ್ಲವೆ ‘ಬಿ’ ಎಂಬ ಹಳೆಯ ಭಾಷೆಯನ್ನು ಬಿಟ್ಟಿರಬಹುದು. ೫ ಗಿಗಾಹರ್ಟ್ಸ್ ಪಟ್ಟಿಯಲ್ಲಿ ಮಾತ್ರ ಮಾತನಾಡುವ ರೌಟರಂತೂ ಡಿ.ಎಸ್.ಗೆ ಇದ್ದೂ ಇಲ್ಲದಂತೆ. ಹೆಸರು ಕಂಡರೂ ಒಳಗೆ ಬಿಡದಿದ್ದರೆ ದೋಷ ಹೆಚ್ಚಾಗಿ ಎರಡನೆಯ ಮೆಟ್ಟಿಲಿನಲ್ಲಿ, ಅಂದರೆ ಬೀಗದಲ್ಲಿ.

ಬೀಗ ಮುರಿದ ಬಗೆ

ತಂತಿಯಲ್ಲಿ ಹರಿಯುವ ಸುದ್ದಿಯನ್ನು ಕದಿಯಬೇಕಾದರೆ ಕಳ್ಳ ಮನೆಯೊಳಗೆ ಬರಬೇಕು. ರೇಡಿಯೋ ಅಲೆ ಗೋಡೆಯನ್ನು ದಾಟಿ ಬೀದಿಗೆ ಹೋಗುತ್ತದೆ. ಅದನ್ನು ಕೇಳಲು ಕಳ್ಳ ಬೀದಿಯಲ್ಲಿ ನಿಂತರೆ ಸಾಕು. ಆದುದರಿಂದ ನಿಸ್ತಂತು ಜಾಲ ಹುಟ್ಟಿದಾಗಲೇ ಅದಕ್ಕೊಂದು ಬೀಗವನ್ನೂ ಮಾಡಿದರು. ‘ತಂತಿಗೆ ಸಮನಾದ ಗೋಪ್ಯತೆ’ ಎಂಬರ್ಥದ ಇಂಗ್ಲಿಷ್ ಪದಗಳ ಮೊದಲಕ್ಷರಗಳನ್ನು ಕೂಡಿಸಿ ಅದನ್ನು ‘ವೆಪ್’ ಎಂದು ಕರೆದರು.

ಹೆಸರು ದೊಡ್ಡದಾಗಿತ್ತು, ಬೀಗ ಬಡವಾಗಿತ್ತು. ಪ್ರತಿಯೊಂದು ಸುದ್ದಿಯ ಪೊಟ್ಟಣಕ್ಕೂ ವೆಪ್ ಒಂದು ಸಂಖ್ಯೆಯನ್ನು ಸೇರಿಸಿ, ಅದನ್ನು ಗುಪ್ತ ಕೀಲಿಯೊಡನೆ ಬೆರೆಸಿ ಸಂಕೇತ ಕಟ್ಟುತ್ತದೆ. ಆ ಸಂಖ್ಯೆ ಮಾತ್ರ ಎಲ್ಲರಿಗೂ ಕಾಣುವಂತೆ ಬಯಲಿನಲ್ಲೇ ಹೋಗುತ್ತದೆ. ಅಂತಹ ಸಂಖ್ಯೆಗಳು ಒಟ್ಟು ೧,೬೭,೭೭,೨೧೬. ಕೇಳಲು ಬಹಳವೆನಿಸಿದರೂ ಸದಾ ದುಡಿಯುವ ಜಾಲದಲ್ಲಿ ಇವು ಕೆಲವು ಗಂಟೆಗಳಲ್ಲೇ ಮುಗಿದು, ಮತ್ತೆ ಮೊದಲಿನಿಂದ ಬಳಕೆಗೆ ಬರುತ್ತವೆ. ಒಂದೇ ಸಂಖ್ಯೆ ಎರಡು ಸಲ ಬಂದರೆ ಎರಡು ಸುದ್ದಿಗಳಿಗೂ ಒಂದೇ ಸಂಕೇತ. ಹೊಂಚುಹಾಕಿದವನಿಗೆ ಅದೇ ಸುಳಿವು.

೨೦೦೧ರಲ್ಲಿ ಸ್ಕಾಟ್ ಫ್ಲೂರರ್, ಇಟ್ಸಿಕ್ ಮಾಂಟಿನ್ ಮತ್ತು ಅದಿ ಶಮೀರ್ ಎಂಬ ವಿದ್ವಾಂಸರು ಇನ್ನೂ ಆಳದ ಬಿರುಕನ್ನು ತೋರಿಸಿದರು. ಸಾಕಷ್ಟು ಪೊಟ್ಟಣಗಳನ್ನು ಕದ್ದು ಕೇಳಿದರೆ, ಗುಪ್ತ ಕೀಲಿಯನ್ನೇ ಲೆಕ್ಕಹಾಕಿ ತೆಗೆಯಬಹುದೆಂದು ಅವರು ಸಾಧಿಸಿದರು. ೨೦೦೭ರಲ್ಲಿ ಜರ್ಮನಿಯ ಡಾರ್ಮ್‌ಸ್ಟಾಟ್ ತಾಂತ್ರಿಕ ವಿಶ್ವವಿದ್ಯಾಲಯದ ಸಂಶೋಧಕರು ಅದನ್ನು ಒಂದು ನಿಮಿಷದೊಳಗಿನ ಕೆಲಸವಾಗಿ ಮಾಡಿದರು. ಇದು ಬರಿಯ ಪಂಡಿತರ ವಿನೋದವಾಗಿ ಉಳಿಯಲಿಲ್ಲ. ಅದೇ ವರ್ಷ ಬೆಳಕಿಗೆ ಬಂದ ಒಂದು ಪ್ರಕರಣದಲ್ಲಿ, ಅಮೆರಿಕದ ಒಂದು ದೊಡ್ಡ ಅಂಗಡಿಗಳ ಸಮೂಹದಿಂದ ನಾಲ್ಕು ಕೋಟಿಗೂ ಮಿಕ್ಕು ಗಿರಾಕಿಗಳ ಹಣಪಾವತಿ ಕಾರ್ಡುಗಳ ವಿವರ ಕಳವಾಗಿತ್ತು. ಚೋರರು ಅಂಗಡಿಯೊಂದರ ದುರ್ಬಲ ನಿಸ್ತಂತು ಜಾಲದ ಮೂಲಕ ಒಳಹೊಕ್ಕಿದ್ದರು.

ತಡವಾಗಿ ಬಂದ ಹೊಸ ಕೀಲಿ

ಬಿರುಕು ಕಂಡ ಮೇಲೆ ತಜ್ಞರು ಸುಮ್ಮನೆ ಕೂರಲಿಲ್ಲ. ೨೦೦೩ರಲ್ಲಿ ‘ಡಬ್ಲ್ಯು.ಪಿ.ಎ.’ ಎಂಬ ಹೊಸ ಬೀಗ ಬಂದಿತು. ೨೦೦೪ರ ಜೂನ್ ತಿಂಗಳಲ್ಲಿ ಇನ್ನೂ ಬಲವಾದ ನಿಯಮಾವಳಿಗೆ ಒಪ್ಪಿಗೆ ದೊರೆತು, ಅದರಿಂದ ಈ ಬೀಗದ ಎರಡನೆಯ ರೂಪ ಹುಟ್ಟಿತು. ಡಿ.ಎಸ್. ಅಮೆರಿಕದ ಅಂಗಡಿಗಳಿಗೆ ಬಂದುದು ಅದೇ ವರ್ಷದ ನವೆಂಬರ್ ೨೧ರಂದು, ಎಂದರೆ ಐದು ತಿಂಗಳ ಮೇಲೆ. ಆದರೂ ಅದು ಕಲಿತು ಬಂದುದು ಹಳೆಯ ವೆಪ್ಪನ್ನು ಮಾತ್ರ!

ಅದೇ ಡಿಸೆಂಬರಿನಲ್ಲಿ ಜಪಾನಿನಲ್ಲಿ ಹೊರಬಂದ ಸೋನಿ ಸಂಸ್ಥೆಯ ‘ಪಿ.ಎಸ್.ಪಿ.’ಯೂ ಮೊದಲು ಇದೇ ಸ್ಥಿತಿಯಲ್ಲಿತ್ತು. ಆದರೆ ಅದರ ಒಳಗಿನ ಮೂಲ ಕ್ರಮವಿಧಿಯನ್ನು ತಿದ್ದಲು ಅವಕಾಶವಿತ್ತು. ೨೦೦೫ರ ತಿದ್ದುಪಡಿಯೊಂದು ಅದಕ್ಕೆ ಹೊಸ ಬೀಗವನ್ನು ಕಲಿಸಿತು. ಡಿ.ಎಸ್.ನ ಕಥೆಯೇ ಬೇರೆ. ಜಾಲ ಸೇರುವ ವ್ಯವಸ್ಥೆ ಒಂದೊಂದು ಆಟದ ಕಾರ್ಡಿನಲ್ಲಿಯೂ ಅಚ್ಚಾಗಿ ಬರುತ್ತಿತ್ತು. ಮಾರಾಟವಾಗಿ ಹೋದ ಕಾರ್ಡನ್ನು ತಿದ್ದುವವರಾರು? ಮುದ್ರಣವಾದ ಪುಸ್ತಕದಲ್ಲಿ ಉಳಿದ ತಪ್ಪಿನಂತೆ ಅದು ಹಾಗೆಯೇ ಉಳಿಯಿತು. ೨೦೦೮ರಲ್ಲಿ ಬಂದ ‘ಡಿ.ಎಸ್.ಐ.’ ಎಂಬ ತಮ್ಮನಿಗೆ ಹೊಸ ಬೀಗ ತಿಳಿದಿತ್ತು. ಆದರೂ ಅಣ್ಣನ ಹಳೆಯ ಕಾರ್ಡುಗಳನ್ನು ಅದರಲ್ಲಿ ಹಾಕಿದರೆ ಅವು ಕೇಳುತ್ತಿದ್ದುದು ವೆಪ್ಪನ್ನೇ.

ಹೀಗಾಗಿ ಹೆತ್ತವರ ಮುಂದೆ ಒಂದು ಇಕ್ಕಟ್ಟು. ಮಗುವಿನ ಆಟಕ್ಕಾಗಿ ರೌಟರನ್ನು ವೆಪ್‌ಗೆ ಇಳಿಸಿದರೆ, ಇಳಿಯುವುದು ಆಟಿಕೆಯ ಬೀಗವೊಂದೇ ಅಲ್ಲ. ಅದೇ ಜಾಲದಲ್ಲಿರುವ ತಂದೆಯ ಕಚೇರಿಯ ಕಡತ, ತಾಯಿಯ ಪತ್ರವ್ಯವಹಾರ, ಮನೆಯ ಸಮಸ್ತವೂ ಅದೇ ಸಡಿಲ ಬೀಗದ ಹಿಂದೆ ನಿಲ್ಲುತ್ತವೆ. ಇಳಿಸದಿದ್ದರೆ ಹಬ್ಬದ ದಿನ ಮಗುವಿನ ಮುಖ ಬಾಡುತ್ತದೆ. ಎಷ್ಟೋ ಮಂದಿ ಬೀಗವನ್ನು ಇಳಿಸಿದರು. ಇಳಿಸಿದ್ದನ್ನು ಮತ್ತೆ ಏರಿಸಲು ಮರೆತವರೂ ಉಂಟು.

ನಿಂಟೆಂಡೊ ಒಂದು ಅಡ್ಡದಾರಿಯನ್ನೂ ಒದಗಿಸಿತ್ತು. ಕಂಪ್ಯೂಟರಿಗೆ ಸಿಕ್ಕಿಸುವ ಒಂದು ಪುಟ್ಟ ಕಡ್ಡಿಯನ್ನು ಅದು ೨೦೦೫ರಲ್ಲೇ ಮಾರಿತು. ಆ ಕಡ್ಡಿ ಆಟದ ಯಂತ್ರಗಳಿಗೆಂದೇ ಪ್ರತ್ಯೇಕವಾದ ಚಿಕ್ಕ ಜಾಲವನ್ನು ಎಬ್ಬಿಸುತ್ತಿತ್ತು. ಮನೆಯ ರೌಟರಿನ ಬೀಗವನ್ನು ಮುಟ್ಟಬೇಕಾಗಿರಲಿಲ್ಲ.

ಜಾಣತನದ ದಾರಿ

ಡಿ.ಎಸ್. ಕುಟುಂಬದ ಯಂತ್ರಗಳು ಲೋಕದಲ್ಲಿ ೧೫ ಕೋಟಿಗೂ ಹೆಚ್ಚು ಮಾರಾಟವಾದುವು. ಅವುಗಳಲ್ಲಿ ಎಷ್ಟೋ ಇಂದಿಗೂ ಕಪಾಟಿನ ಮೂಲೆಯಲ್ಲಿ ಜೀವಂತವಾಗಿವೆ. ಅಂದು ಆಡಿದ ಹುಡುಗ ಇಂದು ತಂದೆಯಾಗಿ, ತನ್ನ ಮಗುವಿಗೆ ಅದನ್ನು ತೆಗೆದುಕೊಡುವುದುಂಟು. ಅಂತಹ ಮನೆಗಳಲ್ಲಿ ಅನುಸರಿಸಬೇಕಾದ ಕ್ರಮ ಕಷ್ಟದ್ದಲ್ಲ.

ಒಂದೇ ಕೋಣೆಯಲ್ಲಿ ಇಬ್ಬರು ಆಡುವುದಾದರೆ ರೌಟರಿನ ಗೊಡವೆಯೇ ಬೇಡ. ಎರಡು ಡಿ.ಎಸ್.ಗಳು ನೇರವಾಗಿ ಒಂದರೊಡನೊಂದು ಮಾತನಾಡಬಲ್ಲವು. ಹೊರಜಗತ್ತಿನ ಸಂಪರ್ಕವೇ ಬೇಕಾದರೆ ಮುಖ್ಯ ಜಾಲದ ಬೀಗವನ್ನು ಇಳಿಸಬಾರದು. ಮೂಲೆಗೆಸೆದ ಹಳೆಯ ರೌಟರೊಂದಿದ್ದರೆ ಅದನ್ನು ಮನೆಯ ಉಳಿದ ಯಂತ್ರಗಳಿಂದ ಬೇರ್ಪಡಿಸಿ, ಆಟದ ಹೊತ್ತಿಗೆ ಮಾತ್ರ ಹಚ್ಚಿ, ಆಟ ಮುಗಿದೊಡನೆ ಆರಿಸಬೇಕು. ಸದಾ ತೆರೆದ ಬಾಗಿಲಿಗೂ ಕಾವಲಿನವನ ಎದುರು ಅರ್ಧ ಗಂಟೆ ತೆರೆದ ಬಾಗಿಲಿಗೂ ಅಂತರವುಂಟು.

ಜಾಲದ ಹೆಸರನ್ನು ಮರೆಸಿಟ್ಟರೆ ಸಾಕೆಂದು ಕೆಲವರು ನಂಬುತ್ತಾರೆ. ಯಂತ್ರಗಳು ಜಾಲವನ್ನು ಸೇರುವಾಗ ಆ ಹೆಸರು ಹೇಗೂ ಗಾಳಿಯಲ್ಲಿ ಹೋಗುತ್ತದೆ. ಮರೆಮಾಡಿದ ಹೆಸರು ಬೀಗವಾಗಲಾರದು. ಗೊತ್ತುಮಾಡಿದ ಯಂತ್ರಗಳನ್ನು ಮಾತ್ರ ಬಿಡುವ ಪಟ್ಟಿಯೂ ಅಷ್ಟೆ. ಯಂತ್ರದ ಗುರುತು ಸಂಖ್ಯೆಯನ್ನು ನಕಲು ಮಾಡುವುದು ಸುಲಭ.

ಐದನೆಯ ಮೆಟ್ಟಿಲಿನ ಮೌನ

ಇಷ್ಟೆಲ್ಲ ಎಚ್ಚರಿಕೆಯಿಂದ ನಾಲ್ಕು ಮೆಟ್ಟಿಲು ಹತ್ತಿದವನಿಗೆ ಇಂದು ಮೇಲೊಂದು ನಿರಾಶೆ ಕಾದಿದೆ. ೨೦೧೪ರ ಮೇ ೨೦ರಂದು ನಿಂಟೆಂಡೊ ತನ್ನ ದೂರದ ಕೇಂದ್ರದ ಬಾಗಿಲನ್ನು ಮುಚ್ಚಿತು. ‘ಆ್ಯನಿಮಲ್ ಕ್ರಾಸಿಂಗ್’ ಆಟದಲ್ಲಿ ಗೆಳೆಯರ ಪುಟ್ಟ ಊರುಗಳಿಗೆ ಹೋಗಿಬರುತ್ತಿದ್ದ ಮಕ್ಕಳು, ‘ಪೋಕೆಮಾನ್’ ಆಟದ ಚಿತ್ರವಿಚಿತ್ರ ಪ್ರಾಣಿಗಳನ್ನು ದೇಶಾಂತರಕ್ಕೆ ಕಳುಹಿಸಿ ಬದಲಾಯಿಸಿಕೊಳ್ಳುತ್ತಿದ್ದ ಮಕ್ಕಳು, ಆ ದಿನದಿಂದ ಬಾಗಿಲು ತಟ್ಟಿದರೂ ಉತ್ತರವಿಲ್ಲ. ಗೆಳೆಯನನ್ನು ಗುರುತಿಸಲು ಕಾಗದದಲ್ಲಿ ಬರೆದಿಟ್ಟ ಹನ್ನೆರಡು ಅಂಕೆಗಳ ಸಂಕೇತ ಬರಿಯ ಅಂಕೆಗಳಾಗಿ ಉಳಿಯಿತು.

ಆದರೂ ಕಥೆ ಅಲ್ಲಿಗೇ ಮುಗಿಯಲಿಲ್ಲ. ಅದೇ ವರ್ಷ ಕೆಲವು ಉತ್ಸಾಹಿಗಳು ‘ವೀಮ್‌ಫೈ’ ಎಂಬ ಬದಲಿ ಕೇಂದ್ರವನ್ನು ಸ್ವಂತ ಶ್ರಮದಿಂದ ಕಟ್ಟಿ ನಿಲ್ಲಿಸಿದರು. ಡಿ.ಎಸ್.ನಲ್ಲಿ, ಹೆಸರಿಗೆ ವಿಳಾಸ ಹುಡುಕಿಕೊಡುವ ನಾಲ್ಕನೆಯ ಮೆಟ್ಟಿಲಿನ ಸಂಖ್ಯೆಯನ್ನು ಕೈಯಿಂದಲೇ ತಿದ್ದಲು ಅವಕಾಶವಿದೆ. ಇಂತಹ ಬದಲಿ ಕೇಂದ್ರಗಳು ಈ ಅವಕಾಶವನ್ನೇ ದಾರಿಯಾಗಿ ಮಾಡಿಕೊಂಡವು. ಸಂಖ್ಯೆಯನ್ನು ತಿದ್ದಿದರೆ, ಹಳೆಯ ಕೇಂದ್ರವನ್ನು ಕೇಳಿದ ಯಂತ್ರ ತನಗರಿವಿಲ್ಲದೆ ಹೊಸ ಮನೆಯ ಬಾಗಿಲಿಗೆ ಹೋಗಿ ನಿಲ್ಲುತ್ತದೆ.

೨೦೧೭ರಲ್ಲಿ ಬಂದ ‘ಸ್ವಿಚ್’ ಮೊದಲಾದ ಈಚಿನ ಯಂತ್ರಗಳಿಗೆ ಬೀಗದ ಈ ತೊಡಕಿಲ್ಲ. ಅವು ಬಲವಾದ ಬೀಗವನ್ನು ಬಲ್ಲವು. ತಿದ್ದುಪಡಿಗಳನ್ನು ಗಾಳಿಯಿಂದಲೇ ಪಡೆಯಬಲ್ಲವು. ಹಾಗೆಂದು ಅವು ಚಿರಂಜೀವಿಗಳಲ್ಲ. ಇಂದಿನ ಬೀಗವೂ ಒಂದು ದಿನ ಹಳತಾಗುತ್ತದೆ, ಇಂದಿನ ಕೇಂದ್ರವೂ ಒಂದು ದಿನ ಮುಚ್ಚುತ್ತದೆ. ಆದುದರಿಂದ ಆಟದ ಯಂತ್ರವನ್ನು ಕೊಳ್ಳುವ ಹಿರಿಯರು, ಅದು ಎಷ್ಟು ಚೆನ್ನಾಗಿ ಆಡುತ್ತದೆ ಎಂಬುದರ ಜೊತೆಗೆ ಅದನ್ನು ತಿದ್ದಲು ಬರುತ್ತದೆಯೇ, ಎಷ್ಟು ಕಾಲ ತಿದ್ದುವರು ಎಂಬುದನ್ನೂ ವಿಚಾರಿಸುವುದು ಲೇಸು.

ಮಗು ಆಡಲಿ, ಸಮುದ್ರದಾಚೆಯ ಗೆಳೆಯನೊಡನೆ ಪಂದ್ಯ ಕಟ್ಟಲಿ. ಆಟ ಮುಗಿದು ಮಗು ಮಲಗಿದ ಮೇಲೆ, ರಾತ್ರಿ ಬಾಗಿಲ ಅಗುಳಿ ಹಾಕುವ ಹಿರಿಯರು ಆ ಹಳೆಯ ರೌಟರಿನ ಪುಟ್ಟ ದೀಪ ಆರಿದೆಯೇ ಎಂದು ಒಮ್ಮೆ ನೋಡಿಬಂದರೆ ಸಾಕು.